ಈರುಳ್ಳಿಯ ಬೆಲೆಯೂ ಸಿಟ್ಟಿನ ಬೆಲೆಯೂ

ನಾಲ್ಕು ಜನ ಕೂಡಿದ ಕಡೆಯಲ್ಲೆಲ್ಲ ಇಂದು ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ‘ಬೆಲೆಗಳು ಏರಿ ಬದುಕುವುದೇ ದುಸ್ತರವಾಯಿತು’ ಎಂಬುದು ಮೊದಲನೆಯದು. ‘ಯಾರು ಬಂದರೂ ಅಷ್ಟೆ’ ಎಂಬುದು ಎರಡನೆಯದು. ಚಿತ್ರದುರ್ಗದ ಹೋಟೆಲಿನಲ್ಲಾಗಲಿ, ಹಿರಿಯೂರಿನ ಬಸ್ ನಿಲ್ದಾಣದಲ್ಲಾಗಲಿ, ಹೊಸದುರ್ಗ ಹೊಳಲ್ಕೆರೆಗಳ ಸಂತೆಯಲ್ಲಾಗಲಿ ಈ ಎರಡು ಮಾತುಗಳನ್ನು ಕೇಳದೆ ಮನೆಗೆ ಹಿಂದಿರುಗಿದವರು ವಿರಳ. ಮೊದಲನೆಯ ಮಾತು ಅನುಭವದಿಂದ ಬಂದುದು. ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದು ಹಾಗಲ್ಲ, ಅದೊಂದು ತೀರ್ಪು. ತೀರ್ಪು ಕೊಡುವವರು ಸಾಕ್ಷ್ಯವನ್ನು ನೋಡಬೇಕಾಗುತ್ತದೆ. ನಮ್ಮ ಜಿಲ್ಲೆಯ ಜನ ಈ ತೀರ್ಪನ್ನು ಸಾಕ್ಷ್ಯ ನೋಡಿ ಕೊಟ್ಟಿದ್ದಾರೆಯೇ, ಇಲ್ಲವೆ ಬೇಸತ್ತು ಕೊಟ್ಟಿದ್ದಾರೆಯೇ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

2023ರ ಡಿಸೆಂಬರ್ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಗೃಹಪ್ರವೇಶಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ನಮ್ಮೆದುರಿಗೆ ಅಣ್ಣತಮ್ಮಂದಿರಿಬ್ಬರು ಕುಳಿತಿದ್ದರು. ಇಬ್ಬರೂ ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವರು. ತಮ್ಮ ಬೆಂಗಳೂರಿನಲ್ಲಿ ಸಂಬಳದ ನೌಕರ. ಅಣ್ಣ ಊರಿನಲ್ಲೇ ಉಳಿದ ಬೇಸಾಯಗಾರ. ಕೇಂದ್ರ ಸರ್ಕಾರ ಆ ತಿಂಗಳ 8ರಂದು ಈರುಳ್ಳಿಯ ರಫ್ತನ್ನು ನಿಷೇಧಿಸಿದ ಸುದ್ದಿ ಇನ್ನೂ ಹೊಸದಾಗಿತ್ತು. ‘ಸದ್ಯ, ಸರ್ಕಾರ ಈಗಲಾದರೂ ಕಣ್ಣು ಬಿಡ್ತು. ಇನ್ನು ಈರುಳ್ಳಿ ಇಳಿಯುತ್ತೆ ಬಿಡಣ್ಣ’ ಎಂದ ತಮ್ಮ. ಕೊಳವೆಬಾವಿಯ ನೀರಿನಲ್ಲಿ ತಡವಾಗಿ ಬೆಳೆದ ಅಣ್ಣನ ಈರುಳ್ಳಿ ಇನ್ನೂ ಹೊಲದಲ್ಲೇ ಇತ್ತು. ಅವನು ಎಲೆಯಿಂದ ತಲೆ ಎತ್ತದೆ, ‘ಇಳಿಯುತ್ತೆ ಕಣಪ್ಪ. ನಿನಗೂ ಇಳಿಯುತ್ತೆ, ನನಗೂ ಇಳಿಯುತ್ತೆ. ನಿನಗೆ ಉಳಿಯೋದು ಕೇಜಿಗೆ ಇಪ್ಪತ್ತು ಮೂವತ್ತು ರೂಪಾಯಿ. ನನಗೆ ಹೋಗೋದು ಮಗಳ ಕಾಲೇಜಿನ ಫೀಸು’ ಎಂದ. ತಮ್ಮ ಮರುಮಾತಾಡಲಿಲ್ಲ. ಪಂಕ್ತಿಯಲ್ಲಿ ಮಾತು ಬೇರೆ ಕಡೆಗೆ ಹೊರಳಿತು.

ನಮ್ಮ ಜಿಲ್ಲೆಯ ಕಷ್ಟದ ತಿರುಳು ಈ ಮಾತಿನಲ್ಲಿದೆ. ಬೆಲೆಯೇರಿಕೆಯ ವಿಷಯವಾಗಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆಯುವ ಚರ್ಚೆ ಹೆಚ್ಚಾಗಿ ಕೊಳ್ಳುವವನ ಕಡೆಯಿಂದ ನಡೆಯುವಂಥದು. ಏರಿದರೆ ಕೆಟ್ಟದ್ದು, ಇಳಿದರೆ ಒಳ್ಳೆಯದು ಎಂಬಲ್ಲಿಗೆ ಅದು ಮುಗಿಯುತ್ತದೆ. ಆದರೆ ಚಿತ್ರದುರ್ಗವು ಕೊಳ್ಳುವವರ ನಾಡಾಗಿರುವಂತೆಯೇ ಮಾರುವವರ ನಾಡೂ ಆಗಿದೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಹೊಸದುರ್ಗಗಳ ಈರುಳ್ಳಿ, ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಮತ್ತು ಮೆಕ್ಕೆಜೋಳ ಇವು ನಮ್ಮ ಜನರ ಜೀವನಾಧಾರ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಮಾರುವವನು, ಇನ್ನೊಬ್ಬನು ಕೊಳ್ಳುವವನು. ಹೀಗಿರುವಲ್ಲಿ ‘ಬೆಲೆಯೇರಿಕೆ’ ಎಂಬ ಒಂದೇ ಪದ ಮನೆಯವರೆಲ್ಲರ ದುಃಖವನ್ನು ಹೇಳಲಾರದು.

ಈರುಳ್ಳಿಯ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಕಡೆಯ ಈರುಳ್ಳಿ ಬಹುಮಟ್ಟಿಗೆ ಮುಂಗಾರಿನ ಬೆಳೆ. ಮಳೆ ನಂಬಿ ಬಿತ್ತಿದ್ದು ಆಗಸ್ಟಿನಿಂದ ಅಕ್ಟೋಬರಿನವರೆಗೆ ಕೀಳುವ ಹದಕ್ಕೆ ಬರುತ್ತದೆ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಹೊಲದಲ್ಲೇ ಕೊಳೆಯುತ್ತದೆ. ಮಹಾರಾಷ್ಟ್ರದ ಹಿಂಗಾರಿನ ಈರುಳ್ಳಿಯಂತೆ ಇದು ತಿಂಗಳುಗಟ್ಟಲೆ ದಾಸ್ತಾನಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ಎಲ್ಲರೂ ಕಿತ್ತಾಗ ಎಲ್ಲರೂ ಮಾರಬೇಕು. ಲಾರಿಗೆ ಹೇರಿ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಒಯ್ದ ಮೇಲೆ, ಅಂದಿನ ದರ ಎಷ್ಟೇ ಇರಲಿ, ಮಾಲನ್ನು ಹಿಂದಕ್ಕೆ ತರುವಂತಿಲ್ಲ. ಲಾರಿ ಬಾಡಿಗೆ, ಹಮಾಲಿ, ಚೀಲದ ಖರ್ಚು, ಕಿತ್ತ ಕೂಲಿ ಇವೆಲ್ಲ ದರ ಏರಿದರೂ ಇಳಿದರೂ ಕಡಿಮೆಯಾಗುವುದಿಲ್ಲ. ಅನೇಕ ವರ್ಷಗಳಲ್ಲಿ ಪೇಟೆಯ ದರ ಗಗನಕ್ಕೇರುವುದು ನಮ್ಮ ರೈತನ ಮಾಲು ಮುಗಿದ ಮೇಲೆ. ಆ ಏರಿಕೆಯ ಲಾಭ ದಾಸ್ತಾನು ಉಳ್ಳವನ ಪಾಲು. ಅಪರೂಪಕ್ಕೊಮ್ಮೆ ಮಾಲು ಕೈಯಲ್ಲಿದ್ದಾಗಲೇ ದರ ಬಂದರೆ, ಆಗ ಸರ್ಕಾರ ಎಚ್ಚೆತ್ತು ರಫ್ತಿನ ಬಾಗಿಲು ಮುಚ್ಚುತ್ತದೆ.

ಆಳುವವರು ಹೀಗೇಕೆ ಮಾಡುತ್ತಾರೆ ಎಂಬುದಕ್ಕೆ ಚರಿತ್ರೆಯಿದೆ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ಈರುಳ್ಳಿಯ ಬೆಲೆಯನ್ನು ಪ್ರಚಾರದ ಅಸ್ತ್ರ ಮಾಡಿಕೊಂಡಿತು. ಅಂದಿನ ಕೇಂದ್ರ ಸರ್ಕಾರ ಸೋತಿತು. 1998ರಲ್ಲಿ ದೆಹಲಿ ವಿಧಾನಸಭೆಯಲ್ಲಿ ಆಡಳಿತ ಪಕ್ಷ ಸೋತುದಕ್ಕೂ ಈರುಳ್ಳಿಯ ಬೆಲೆಯೇ ಒಂದು ಮುಖ್ಯ ಕಾರಣವೆಂದು ಎಲ್ಲರೂ ಹೇಳಿದರು. ಅಂದಿನಿಂದ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಭಯ ಬಿಟ್ಟಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಫ್ತು ನಿಷೇಧ. 2020ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧ. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇ. 40ರ ಸುಂಕ, ಡಿಸೆಂಬರಿನಲ್ಲಿ ಪೂರ್ಣ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ಸುಂಕ ಪೂರ್ತಿ ರದ್ದಾದುದು 2025ರ ಏಪ್ರಿಲ್ 1ರಂದು. ಆಳುವವರು ಈರುಳ್ಳಿಗೆ ಹೆದರುವುದನ್ನು ಕಲಿತರು. ಈರುಳ್ಳಿ ಬೆಳೆಯುವವನಿಗೆ ಹೆದರುವುದನ್ನು ಕಲಿಯಲಿಲ್ಲ. ಏಕೆಂದರೆ ಕೊಳ್ಳುವವನ ಸಿಟ್ಟು ಒಂದೇ ದಿನದಲ್ಲಿ ದೇಶಕ್ಕೆಲ್ಲ ಕೇಳುತ್ತದೆ. ಮಾರುವವನ ಸಿಟ್ಟು ಹೊಲದ ಬದುವನ್ನು ದಾಟುವುದಿಲ್ಲ.

ಇನ್ನು ಆ ಸಿಟ್ಟನ್ನು ರಾಜಕೀಯ ಪಕ್ಷಗಳು ಬಳಸಿಕೊಳ್ಳುವ ರೀತಿಯನ್ನು ನೋಡಬೇಕು. ಇದಕ್ಕೆ 2025ರ ಏಪ್ರಿಲ್ ತಿಂಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ತಿಂಗಳ 1ರಿಂದ ರಾಜ್ಯದಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಡೀಸೆಲಿನ ಮಾರಾಟ ತೆರಿಗೆ ಹೆಚ್ಚಿ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾಯಿತು. ವಿದ್ಯುತ್ತಿಗೆ ಯೂನಿಟ್ಟಿಗೆ 36 ಪೈಸೆಯ ಹೊರೆ ಸೇರಿತು. ಇದನ್ನು ಪ್ರತಿಭಟಿಸಿ ರಾಜ್ಯದ ವಿರೋಧ ಪಕ್ಷವಾದ ಭಾರತೀಯ ಜನತಾ ಪಕ್ಷ 7ರಂದು ಮೈಸೂರಿನಿಂದ ‘ಜನಾಕ್ರೋಶ ಯಾತ್ರೆ’ ಹೊರಡಿಸಿತು. ಅದೇ ದಿನ ಅದೇ ಪಕ್ಷದ ಕೇಂದ್ರ ಸರ್ಕಾರ ಅಡಿಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಆಗ ರಾಜ್ಯವನ್ನಾಳುವ ಕಾಂಗ್ರೆಸ್ ಪಕ್ಷ ಕೇಂದ್ರದ ವಿರುದ್ಧ ಬೀದಿಗಿಳಿಯಿತು. ಹಾಲಿನ ಬೆಲೆ ಏರಿಸಿದವರು ಅನಿಲದ ಬೆಲೆಗೆ ಕಣ್ಣೀರಿಟ್ಟರು. ಅನಿಲದ ಬೆಲೆ ಏರಿಸಿದವರು ಹಾಲಿನ ಬೆಲೆಗೆ ಕಣ್ಣೀರಿಟ್ಟರು. ಹಾಲನ್ನೂ ಅನಿಲವನ್ನೂ ಎರಡನ್ನೂ ಕೊಳ್ಳಬೇಕಾದ ಗೃಹಿಣಿ ಎರಡು ಮೆರವಣಿಗೆಗಳನ್ನೂ ಬಾಗಿಲಲ್ಲಿ ನಿಂತು ನೋಡಿದಳು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾಲಿಗೆ ಏರಿಸಿದ 4 ರೂಪಾಯಿ ಹಾಲು ಉತ್ಪಾದಕರಿಗೇ ಸೇರುತ್ತದೆಂದು ಸರ್ಕಾರ ಹೇಳಿತ್ತು. ಅದು ನಿಜವಾದಲ್ಲಿ ಆ ಏರಿಕೆ ಹಳ್ಳಿಯ ಹಟ್ಟಿಗೆ ಬಂದ ನ್ಯಾಯವೇ ಹೊರತು ಅನ್ಯಾಯವಲ್ಲ. ಹೊಸದುರ್ಗದ ಹಳ್ಳಿಯಲ್ಲಿ ಬೆಳಗಿನ ಜಾವ ಡೇರಿಗೆ ಹಾಲು ಹಾಕುವ ತಾಯಿಗೆ ಆ ನಾಲ್ಕರಲ್ಲಿ ಎಷ್ಟು ತಲುಪಿತು, ಹಿಂಡಿ ಬೂಸಾಗಳ ಬೆಲೆಯಲ್ಲಿ ಎಷ್ಟು ಕರಗಿತು ಎಂದು ಕೇಳುವುದು ಪ್ರಾಮಾಣಿಕವಾದ ಪ್ರಶ್ನೆಯಾಗುತ್ತಿತ್ತು. ಏರಿಸಿದ್ದೇ ಪಾಪವೆಂದು ಒಬ್ಬರೂ, ಏರಿಸಿದ್ದೇ ಪುಣ್ಯವೆಂದು ಇನ್ನೊಬ್ಬರೂ ಕೂಗಿದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಡೀಸೆಲಿನ ವಿಷಯವೂ ಹೀಗೆಯೇ. 2014ರಿಂದ 2016ರವರೆಗೆ ಪ್ರಪಂಚದಲ್ಲಿ ಕಚ್ಚಾ ತೈಲದ ಬೆಲೆ ಕುಸಿದಾಗ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಮತ್ತೆ ಮತ್ತೆ ಏರಿಸಿತು. 2020ರ ಮೇ ತಿಂಗಳಲ್ಲಿ ಒಂದೇ ಸಲಕ್ಕೆ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಹೆಚ್ಚಿಸಿತು. 2024ರ ಜೂನಿನಲ್ಲಿ ರಾಜ್ಯ ಸರ್ಕಾರ ತನ್ನ ಪಾಲಿಗೆ ಪೆಟ್ರೋಲಿಗೂ ಡೀಸೆಲಿಗೂ ಸುಮಾರು 3 ರೂಪಾಯಿಯ ಏರಿಕೆ ಮಾಡಿತು. ಹೊಲ ಉಳುವ ಟ್ರ್ಯಾಕ್ಟರಿಗೂ ಈರುಳ್ಳಿ ಹೊರುವ ಲಾರಿಗೂ ಡೀಸೆಲ್ ಬೇಕು. ಬೆಳೆಗೆ ದರ ಬಂದಾಗ ಅದನ್ನು ತಗ್ಗಿಸಲು ಓಡಿಬರುವವರು, ಬೆಳೆಯುವ ಖರ್ಚು ಏರಿದಾಗ ಅದನ್ನು ತಗ್ಗಿಸಲು ಅಷ್ಟು ವೇಗವಾಗಿ ಬಂದುದನ್ನು ನಾವು ಕಾಣಲಿಲ್ಲ.

ಅದೇ ವರ್ಷದ ಅಕ್ಟೋಬರಿಗೆ ಬನ್ನಿ. ದೇಶದ ಚಿಲ್ಲರೆ ಹಣದುಬ್ಬರ ಕೇವಲ ಶೇ. 0.25ಕ್ಕೆ ಇಳಿಯಿತೆಂದೂ, ಆಹಾರ ಪದಾರ್ಥಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 5ರಷ್ಟು ಕಡಿಮೆಯಾಯಿತೆಂದೂ ಸರ್ಕಾರದ ಅಂಕಿ ಅಂಶಗಳು ಸಾರಿದವು. ಏಪ್ರಿಲಿನಲ್ಲಿ ಆಕ್ರೋಶ, ಅಕ್ಟೋಬರಿನಲ್ಲಿ ಸಂಭ್ರಮ! ಆದರೆ ಆ ಹಂಗಾಮಿನಲ್ಲಿ ಹಿರಿಯೂರಿನ ಈರುಳ್ಳಿ ಬೆಳೆಗಾರ ಕಿತ್ತ ಕೂಲಿ ಹುಟ್ಟದೆ ಕಂಗೆಟ್ಟಿದ್ದ. ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಾಟವಾಗುತ್ತಿತ್ತು. ನವೆಂಬರಿನಲ್ಲಿ ಮುಖ್ಯಮಂತ್ರಿಗಳು ಪ್ರಧಾನಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಅಂಕಿ ಸುಳ್ಳಲ್ಲ, ಆದರೆ ಆ ಅಂಕಿಯೊಳಗೆ ಹೊಳಲ್ಕೆರೆಯ ಜೋಳದ ರಾಶಿ ಅಗ್ಗದ ಆಹಾರವಾಗಿ ಮಾತ್ರ ಕಾಣುತ್ತದೆ, ಒಬ್ಬನ ವರ್ಷದ ದುಡಿಮೆಯಾಗಿ ಕಾಣುವುದಿಲ್ಲ. ತೆಂಗಿನ ಕಥೆ ಇದಕ್ಕೆ ತಿರುಗುಮುರುಗು. 2023ರಲ್ಲಿ ಉಂಡೆ ಕೊಬ್ಬರಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದಾಗ ಪೇಟೆಯ ದರ ಅದರ ಕೆಳಗೆ ಬಿದ್ದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿಯ ದರ ಹಿಂದೆಂದೂ ಕಾಣದಷ್ಟು ಏರಿತು. ಪಟ್ಟಣದ ಮನೆಗಳಲ್ಲಿ ಚಟ್ನಿಗೂ ಲೆಕ್ಕ ಬಂದಿತು. ಆದರೆ ಅಷ್ಟು ಹೊತ್ತಿಗೆ ರೋಗದಿಂದ ಮರಗಳಲ್ಲಿ ಫಸಲೇ ಕುಗ್ಗಿತ್ತು.

ಹಾಗಾದರೆ ‘ಯಾರು ಬಂದರೂ ಅಷ್ಟೆ’ ಎಂಬ ತೀರ್ಪು ಸರಿಯೆಂದಾಯಿತಲ್ಲವೇ ಎಂದು ವಾಚಕರು ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ರಾಷ್ಟ್ರ ರಾಜಕಾರಣ ಚಿತ್ರದುರ್ಗಕ್ಕೆ ದೂರದ ವಸ್ತುವಾಗಿರಲಿಲ್ಲ. ಈ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗಲೇ 1969ರ ನವೆಂಬರಿನಲ್ಲಿ ಆ ಪಕ್ಷ ಪ್ರಧಾನಮಂತ್ರಿಯನ್ನು ಉಚ್ಚಾಟಿಸಿ ಇಬ್ಭಾಗವಾಯಿತು. 1971ರಲ್ಲಿ ‘ಗರೀಬಿ ಹಟಾವೋ’ ಘೋಷಣೆಗೆ ಮನಸೋತು ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಜನ ಇಂದಿರಾ ಗಾಂಧಿಯವರ ಪಕ್ಷಕ್ಕೆ ಕೊಟ್ಟರು. ಬಡತನ ಹೋಗಲಿಲ್ಲ, ಬರಗಾಲವೂ 1973ರ ತೈಲದ ಬಿಕ್ಕಟ್ಟೂ ಕೂಡಿ 1974-75ರಲ್ಲಿ ಸಗಟು ಬೆಲೆಗಳು ಶೇ. 25ರಷ್ಟು ಏರಿದವು. ಆ ಅಸಮಾಧಾನದ ಮುಂದಿನ ಕಥೆ, 1975ರ ತುರ್ತು ಪರಿಸ್ಥಿತಿ ಮತ್ತು 1977ರ ಚುನಾವಣೆ, ಎಲ್ಲರಿಗೂ ತಿಳಿದದ್ದೇ.

ಆದರೆ ಆ ಮೇಲಿನ ವರ್ಷಗಳಲ್ಲಿ ಕರ್ನಾಟಕದ ಮತದಾರ ತೋರಿಸಿದ ವಿವೇಕ ನೆನಪಿಡತಕ್ಕದ್ದು. 1980ರ ಜುಲೈನಲ್ಲಿ ನರಗುಂದ ನವಲಗುಂದಗಳ ರೈತರು ನೀರಾವರಿಯ ಹೆಸರಿನಲ್ಲಿ ಹೇರಿದ ಕರವನ್ನು ವಿರೋಧಿಸಿ ಗುಂಡಿಗೆ ಎದೆಯೊಡ್ಡಿದರು. 1983ರ ಜನವರಿಯಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟ ಜನ, ಮೂರೇ ತಿಂಗಳಲ್ಲಿ ವಿಧಾನಸಭೆಗೆ ಜನತಾ ಪಕ್ಷಕ್ಕೆ ಬಹುಮತ ಕೊಟ್ಟರು. ನಮ್ಮ ಜಿಲ್ಲೆಯ ಮಾತನ್ನೇ ಹೇಳುವುದಾದರೆ, 2009ರಲ್ಲಿ ಕೇಂದ್ರದಲ್ಲಿ ಕಾಂಗ್ರೆಸ್ ಮೈತ್ರಿಕೂಟ ಗೆದ್ದಾಗ ಚಿತ್ರದುರ್ಗ ಭಾರತೀಯ ಜನತಾ ಪಕ್ಷದವರನ್ನು ಕಳಿಸಿತು. 2014ರಲ್ಲಿ ಆ ಪಕ್ಷವೇ ಕೇಂದ್ರದಲ್ಲಿ ಗೆದ್ದಾಗ ಕಾಂಗ್ರೆಸ್ಸಿನವರನ್ನು ಕಳಿಸಿತು. 2023ರಲ್ಲಿ ಜಿಲ್ಲೆಯ ಆರು ವಿಧಾನಸಭಾ ಸ್ಥಾನಗಳಲ್ಲಿ ಹೊಳಲ್ಕೆರೆಯೊಂದನ್ನು ಬಿಟ್ಟು ಐದನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನ, 2024ರಲ್ಲಿ ಲೋಕಸಭೆಗೆ ಭಾರತೀಯ ಜನತಾ ಪಕ್ಷದವರನ್ನು ಆರಿಸಿದರು. ಯಾರು ಬಂದರೂ ಅಷ್ಟೆ ಎಂದು ನಿಜವಾಗಿ ನಂಬಿದವರು ಇಷ್ಟು ಯೋಚಿಸಿ ಮತ ಹಾಕುವುದಿಲ್ಲ. ಆದುದರಿಂದ ದೋಷ ಮತ ಹಾಕುವ ದಿನದಲ್ಲಿಲ್ಲ. ಹಾಕಿದ ಮರುದಿನದಿಂದ ಐದು ವರ್ಷ ನಾವು ವಹಿಸುವ ಮೌನದಲ್ಲಿದೆ. ಸಿಟ್ಟನ್ನು ಮತಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದು ಮನೆಗೆ ಬಂದರೆ ಅದು ಒಳಗೇ ಕೊಳೆತು ಬೇಸರವಾಗುತ್ತದೆ.

ಸಿಟ್ಟಿಗೆ ವಿಳಾಸವಿದ್ದರೆ ಅದು ಫಲ ಕೊಡುತ್ತದೆಂಬುದಕ್ಕೆ ಸಾಕ್ಷ್ಯ ನಮ್ಮ ಜಿಲ್ಲೆಯಲ್ಲೇ ಇದೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಜಲಾಶಯ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ 89 ವರ್ಷ ಅದು ತುಂಬಿ ಹರಿದುದನ್ನು ಕಂಡವರಿಲ್ಲ. ಭದ್ರೆಯ ನೀರು ಈ ನಾಡಿಗೆ ಬರಬೇಕೆಂದು ನಮ್ಮ ಜನ ದಶಕಗಳ ಕಾಲ ಬಿಡದೆ ಕೇಳಿದರು. ಸರ್ಕಾರಗಳು ಬದಲಾದವು, ಬೇಡಿಕೆ ಬದಲಾಗಲಿಲ್ಲ. ಭದ್ರಾ ಮೇಲ್ದಂಡೆಯ ನೀರು 2019ರಲ್ಲಿ ಜಲಾಶಯಕ್ಕೆ ಹರಿಯತೊಡಗಿತು. ಒಳ್ಳೆಯ ಮಳೆಯೂ ಕೂಡಿಬಂದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿದ್ದಿತು. ಅಂದು ಬಾಗಿನ ಅರ್ಪಿಸಲು ಎಲ್ಲ ಪಕ್ಷದವರೂ ಬಂದರು. ಆದರೆ ನೀರು ಬಂದುದು ಕೇಳುತ್ತಲೇ ಇದ್ದ ಜನರಿಂದ. ಕೆಲಸ ಇನ್ನೂ ಮುಗಿದಿಲ್ಲ. 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ, ರಾಜ್ಯವೇ ಸರಿಯಾಗಿ ನಡೆದುಕೊಳ್ಳಲಿಲ್ಲವೆಂದು ಕೇಂದ್ರದ ಕಡೆಯವರು ದೂರಿಕೊಂಡರು. ಇಲ್ಲಿ ನಾವು ಕೇಳಬೇಕಾದುದು ಯಾರ ದೂರು ಸರಿ ಎಂದಲ್ಲ, ಕಾಗದ ಯಾವ ಮೇಜಿನ ಮೇಲೆ ನಿಂತಿದೆ ಎಂದು. ನೀರಿಲ್ಲದ ಬೇಸಾಯದಲ್ಲಿ ಅತಿ ದೊಡ್ಡ ಬೆಲೆಯೇರಿಕೆ ಕೊಳವೆಬಾವಿಯದು. ಒಂದು ಬಾವಿ ಬತ್ತಿದರೆ ಹತ್ತು ವರ್ಷದ ಉಳಿತಾಯ ಬತ್ತುತ್ತದೆ. ಅದು ಯಾವ ಹಣದುಬ್ಬರದ ಪಟ್ಟಿಯಲ್ಲೂ ಕಾಣಿಸದು.

ಸರ್ಕಾರಗಳು ಕೊಡುವ ನೆರವಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2019ರಿಂದ ಕೇಂದ್ರ ಸರ್ಕಾರ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, 2023ರಿಂದ ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆಗಳನ್ನು ತಂದವು. ಇವನ್ನು ಬಿಟ್ಟಿಯೆಂದು ಹಳಿಯುವುದು ಉಂಡವರ ಮಾತು. ಗಂಡನಿಲ್ಲದ ತಾಯಿಯೊಬ್ಬಳಿಗೆ ಆ ಎರಡು ಸಾವಿರ ಔಷಧಿಯ ಚೀಟಿಯಾಗಿದೆ, ಮೊಮ್ಮಗನ ಪುಸ್ತಕವಾಗಿದೆ. ಆದರೆ ನೆರವು ಬೇರೆ, ನ್ಯಾಯವಾದ ಬೆಲೆ ಬೇರೆ. ದುಡಿದವನಿಗೆ ದುಡಿಮೆಯ ಬೆಲೆ ಕೊಡದೆ ನೆರವು ಮಾತ್ರ ಕೊಟ್ಟರೆ, ಕಾಯಕದ ಸ್ಥಾನದಲ್ಲಿ ಕೈಯೊಡ್ಡುವುದನ್ನು ಕಲಿಸಿದಂತಾಗುತ್ತದೆ.

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಭಂಡಾರದ ಮೇಲೆ ಅಪವಾದ ಬಂದಾಗ ಲೆಕ್ಕವನ್ನು ಎಲ್ಲರೆದುರು ಒಪ್ಪಿಸಿದ ಕಥೆಯನ್ನು ಮಕ್ಕಳಿಗೂ ಹೇಳುತ್ತೇವೆ. ಆ ಪರಂಪರೆಗೆ ಸೇರಿದವರು ಕೂಗುವುದಕ್ಕಿಂತ ಹೆಚ್ಚಾಗಿ ಲೆಕ್ಕ ಕೇಳುವುದನ್ನು ಕಲಿಯಬೇಕು. ಹಿರಿಯೂರಿನ ಹೊಲದಲ್ಲಿ ಚೀಲಕ್ಕೆ ಸಿಕ್ಕ ದರವೆಷ್ಟು, ಬೆಂಗಳೂರಿನ ಅಂಗಡಿಯಲ್ಲಿ ಅದೇ ಚೀಲದ ದರವೆಷ್ಟು, ನಡುವೆ ಯಾರು ಯಾರು ಎಷ್ಟೆಷ್ಟು ತೆಗೆದುಕೊಂಡರು? ಡೀಸೆಲಿನ ಒಂದು ಲೀಟರಿನಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು? ಬೆಂಬಲ ಬೆಲೆ ಘೋಷಿಸಿದ ದಿನಕ್ಕೂ ಖರೀದಿ ಕೇಂದ್ರ ತೆರೆದ ದಿನಕ್ಕೂ ನಡುವೆ ಎಷ್ಟು ದಿನ ಕಳೆದವು, ಅಷ್ಟರಲ್ಲಿ ಎಷ್ಟು ಜನ ಮಾರಿ ಮುಗಿಸಿದರು? ಶಾಸಕರು ಬರಲಿ, ಸಂಸದರು ಬರಲಿ, ಗ್ರಾಮಸಭೆಯಲ್ಲಾಗಲಿ ಸಮಾರಂಭದಲ್ಲಾಗಲಿ ಹಾರ ಹಾಕಿದ ಮೇಲೆ ಈ ಪ್ರಶ್ನೆಗಳನ್ನು ಒಬ್ಬರಾದರೂ ಎದ್ದು ಕೇಳುವಂತಾಗಬೇಕು. ಉತ್ತರ ಬಾರದಿದ್ದರೆ ಮುಂದಿನ ಸಲವೂ ಅದನ್ನೇ ಕೇಳಬೇಕು.

ಈ ಕೆಲಸದಲ್ಲಿ ಮಠದ ಶಾಲೆಗಳಲ್ಲಿ ಓದಿ ಊರು ಬಿಟ್ಟವರ ಹೊಣೆ ದೊಡ್ಡದು. ಅವರಲ್ಲಿ ಲೆಕ್ಕಪತ್ರ ಬಲ್ಲವರಿದ್ದಾರೆ, ಕಾನೂನು ಬಲ್ಲವರಿದ್ದಾರೆ, ಸರ್ಕಾರದ ಕಚೇರಿಗಳಲ್ಲಿ ಕಡತ ಹೇಗೆ ನಡೆಯುತ್ತದೆಂಬುದನ್ನು ಬಲ್ಲವರಿದ್ದಾರೆ. ಅವರು ಎಳೆಯರಾಗಿದ್ದಾಗ ಉಂಡ ಪ್ರಸಾದದ ರಾಗಿ ಜೋಳಗಳನ್ನು ಬಂಡಿ ಕಟ್ಟಿ ತಂದು ಹಾಕಿದವರು ಹಳ್ಳಿಯ ಒಕ್ಕಲುಗಳು. ಅಂದು ಯಾರೂ ಬೆಲೆ ಕೇಳಲಿಲ್ಲ. ಇಂದು ಅವರ ಮಕ್ಕಳು ಬೆಳೆದುದಕ್ಕೆ ಬೆಲೆ ಕೇಳುತ್ತಿದ್ದಾರೆ. ಪಟ್ಟಣದಲ್ಲಿರುವ ತಮ್ಮ ಈರುಳ್ಳಿ ತುಟ್ಟಿಯಾಯಿತೆಂದು ಸಿಟ್ಟಾಗುವ ಮೊದಲು ಊರಿಗೊಂದು ಫೋನು ಮಾಡಿ ‘ಅಣ್ಣಾ, ನಿನಗೆಷ್ಟು ಸಿಕ್ಕಿತು?’ ಎಂದು ಕೇಳಲಿ. ಅಣ್ಣ ಹೇಳಿದ ದರವನ್ನೂ ತಾನು ಕೊಟ್ಟ ದರವನ್ನೂ ಒಂದೇ ಕಾಗದದಲ್ಲಿ ಬರೆಯಲಿ. ಆ ಕಾಗದವನ್ನು ಹಿಡಿದು ಇಬ್ಬರೂ ಒಂದೇ ಬಾಗಿಲಿಗೆ ಹೋಗಿ ನಿಲ್ಲಲಿ. ಆಗ ಅದು ಯಾವ ಪಕ್ಷದ ಯಾತ್ರೆಗೂ ಎರವಲು ಕೊಡಲಾಗದ, ನಮ್ಮದೇ ಆದ ಸಿಟ್ಟಾಗುತ್ತದೆ.